ಕೆಂಪು ಚುಕ್ಕಿಗೆ ಆಸೆಪಟ್ಟ ವಿನುತಾ

ಒಂದು ಊರಿನಲ್ಲಿ ಎರಡು ಓಣಿಗಳಿದ್ದವು. ಒಂದು ಮಂಡಕ್ಕಿ ಭಟ್ಟಿಗಳ ಓಣಿ. ಬೆಳಗಾದರೆ ಸಾಕು, ಹೊಗೆ. ಇನ್ನೊಂದು ಕೆರೆ ಓಣಿ. ಅಲ್ಲಿ ಗಾಳಿ ಚೊಕ್ಕ. ಭಟ್ಟಿ ಓಣಿಯ ಅಂಗನವಾಡಿಯಲ್ಲಿ ಮಕ್ಕಳು ಅಕ್ಷರಕ್ಕಿಂತ ಮೊದಲು ಕೆಮ್ಮು ಕಲಿಯುತ್ತಿದ್ದವು. ಗಾಳಿ ಎಲ್ಲಿ ಚೆನ್ನಾಗಿದೆ ಅಂತ ಅಳೆದು ತೋರಿಸಿದರೆ ಅಂಗನವಾಡಿಯನ್ನು ಅಲ್ಲಿಗೇ ಸಾಗಿಸುತ್ತೇನೆ ಎಂದು ವಾರ್ಡಿನ ಮೆಂಬರ್ ರುದ್ರಮ್ಮ ಮಾತು ಕೊಟ್ಟಿದ್ದರು.

ಹೈಸ್ಕೂಲಿನ ಹಾಲೇಶ್ ಮೇಷ್ಟ್ರು ಆ ಕೆಲಸವನ್ನು ಒಂಬತ್ತನೇ ತರಗತಿಗೆ ಒಪ್ಪಿಸಿದರು. ಭಟ್ಟಿ ಓಣಿಯ ಕೌಸರಳಿಗೊಂದು, ಕೆರೆ ಓಣಿಯ ವಿನುತಾಳಿಗೊಂದು, ದೂಳು ಅಳೆಯುವ ಸೆನ್ಸರ್ ಡಬ್ಬಿ ಕೊಟ್ಟರು. ಅವರವರ ಓಣಿಯ ಹತ್ತು ಕಡೆ ದಿನಾ ಅಳೆದು ಮೊಬೈಲಿನಲ್ಲಿ ತುಂಬಿದರೆ, ಪುಕ್ಕಟೆ ಸಿಗುವ ಆನ್‌ಲೈನ್ ನಕ್ಷೆಯಲ್ಲಿ ಚುಕ್ಕಿ ಮೂಡುತ್ತಿತ್ತು. ಗಾಳಿ ಒಳ್ಳೆಯದಾದರೆ ಹಸಿರು, ಕೆಟ್ಟದಾದರೆ ಕೆಂಪು. ಹೊಸ ಅಳತೆ ಬಿದ್ದಂತೆ ಬಣ್ಣವೂ ಬದಲಾಗುತ್ತಿತ್ತು.

ಮೂರೇ ದಿನಕ್ಕೆ ಕೌಸರಳ ಓಣಿ ಕುಂಕುಮ ಚೆಲ್ಲಿದಂತೆ ಕೆಂಪಾಯಿತು. ಕಂಪ್ಯೂಟರಿನ ಮುಂದೆ ಇಡೀ ತರಗತಿ ಮುಗಿಬಿತ್ತು. ಹೆಡ್ ಮಾಸ್ತರೂ ಕನ್ನಡಕ ಏರಿಸಿ ನೋಡಿ ಹೋದರು. ವಿನುತಾಳ ಹಸಿರಿನ ಕಡೆ ಯಾರೂ ಕಣ್ಣು ಹಾಯಿಸಲಿಲ್ಲ.

"ನಿಂದೇನೇ, ಮೆಂತ್ಯೆ ಸೊಪ್ಪಿನ ಮಡಿ ಇದ್ದಂಗಿದೆ" ಎಂದು ಒಬ್ಬಳು ನಕ್ಕಳು.

ವಿನುತಾಳ ಹೊಟ್ಟೆಯೊಳಗೇ ಭಟ್ಟಿ ಹೊತ್ತಿಕೊಂಡಿತು. ತಾನೂ ಅಷ್ಟೇ ಸುತ್ತಿದ್ದಳು, ಅಷ್ಟೇ ಬಿಸಿಲು ತಿಂದಿದ್ದಳು. ಹೊಗೆ ಓಣಿಯಲ್ಲಿ ಹುಟ್ಟುವುದೂ ಒಂದು ಅದೃಷ್ಟವೇ? ಮರುದಿನದಿಂದ ಅವಳು ಬೋರ್ಡ್ ಒರೆಸುವ ಡಸ್ಟರನ್ನು ಬ್ಯಾಗಿನಲ್ಲಿ ಒಯ್ದು, ಸೆನ್ಸರ್ ಪಕ್ಕದಲ್ಲೇ ಗೋಡೆಗೆ ಬಡಿದು, ಸೀಮೆಸುಣ್ಣದ ಪುಡಿ ಎದ್ದ ಮೇಲೆ ಅಳೆಯತೊಡಗಿದಳು. ವಾರ ತುಂಬುವಷ್ಟರಲ್ಲಿ ಕೆರೆ ಓಣಿಯೂ ಕೆಂಪಾಯಿತು, ಕೌಸರಳದಕ್ಕಿಂತ ಒಂದು ಕೈ ಹೆಚ್ಚೇ. ಜನ ಈಗ ಅವಳ ನಕ್ಷೆಗೆ ಮುಗಿಬಿದ್ದರು. ಅವತ್ತು ಅವಳಿಗೆ ಊಟ ರುಚಿಸಿತು.

ಸೋಮವಾರ ರುದ್ರಮ್ಮ ನಕ್ಷೆ ನೋಡಲು ಬಂದರು. ಈ ಓಣಿ ನೋಡಿದರು, ಆ ಓಣಿ ನೋಡಿದರು.

"ಎಲ್ಲಾ ಕಡೆ ಒಂದೇ ಗಾಳಿ ಅಂದ್ಮೇಲೆ ಎಲ್ಲಿಗೆ ಅಂತ ಸಾಗಿಸೋದು ಮೇಷ್ಟ್ರೆ? ಇದ್ದಲ್ಲೇ ಇರಲಿ ಬಿಡಿ" ಎಂದು ಎದ್ದರು.

ಕೌಸರ್ ತನ್ನ ಸೆನ್ಸರ್ ಡಬ್ಬಿಯನ್ನು ಮೇಷ್ಟ್ರ ಮೇಜಿನ ಮೇಲಿಟ್ಟಳು. ಅವಳ ತಂಗಿ ಅದೇ ಅಂಗನವಾಡಿಯ ಮಗು. ಕೆಮ್ಮು ಹೆಚ್ಚಾಗಿ ನಾಲ್ಕು ದಿನದಿಂದ ಮಲಗಿತ್ತು. ವಿನುತಾಳಿಗೆ ಅದು ಗೊತ್ತಿತ್ತು. ಹೊಟ್ಟೆಕಿಚ್ಚಿನಲ್ಲಿ ನೆನಪಿಗೆ ಬಂದಿರಲಿಲ್ಲ, ಅಷ್ಟೇ.

ಅವಳು ಬಾಗಿಲಲ್ಲಿ ಮೆಂಬರಿಗೆ ಅಡ್ಡ ನಿಂತಳು. "ಮೇಡಂ, ನಮ್ಮ ಓಣಿಯ ಕೆಂಪು ಸುಳ್ಳು. ಡಸ್ಟರ್ ಬಡಿದು ಅಳೆದಿದ್ದೆ. ಈಗಲೇ ಬನ್ನಿ, ನಿಮ್ಮೆದುರಿಗೇ ಅಳೀತೀನಿ."

ಹತ್ತು ಕಡೆಯೂ ಅಳೆದಳು. ಹತ್ತೂ ಚುಕ್ಕಿ ಒಂದೊಂದಾಗಿ ಹಸಿರಿಗೆ ತಿರುಗಿದವು. ತಿಂಗಳೊಳಗೆ ಅಂಗನವಾಡಿ ಕೆರೆ ಓಣಿಗೆ ಬಂತು. ಜಿಲ್ಲೆಯ ವಿಜ್ಞಾನ ಮೇಳಕ್ಕೆ ಹೋಗಿದ್ದು ಮಾತ್ರ ಕೌಸರಳ ಹೆಸರೊಂದೇ. ವಿನುತಾಳಿಗೆ ಉರಿಯಲಿಲ್ಲವೆಂದೇನಲ್ಲ, ಉರಿಯಿತು.

ಮೇಳದಿಂದ ಬಂದ ಕೌಸರ್ ನೇರವಾಗಿ ಅವಳ ಹತ್ತಿರ ಬಂದಳು. "ನನ್ನ ಕೆಂಪು ನೋಡಿ ಎಲ್ಲರೂ ಅಯ್ಯೋ ಅಂದ್ರು ಕಣೇ. ನನ್ನ ತಂಗಿ ಹೋಗಿ ಕೂತಿದ್ದು ಮಾತ್ರ ನಿನ್ನ ಹಸಿರಿನಲ್ಲಿ."

ನೀತಿ: ಪಕ್ಕದ ಅಂಗಡಿಯ ಗಿರಾಕಿಗಳನ್ನು ಕಂಡು ಹೊಟ್ಟೆ ಉರಿದು ನಮ್ಮ ತಕ್ಕಡಿಯನ್ನು ಬಾಗಿಸಬಾರದು. ನಮ್ಮಲ್ಲಿರುವುದನ್ನು ಇದ್ದಂತೆ ಅಳೆದಿಟ್ಟರೆ, ಅದು ಬೇಕಾದವರು ಹುಡುಕಿಕೊಂಡು ಬರುತ್ತಾರೆ.