ಹೋದ ವರ್ಷದ ಕಟ್ಟೆ

ಸಾಲುಮನೆ ಪೇಟೆಗೆ ಬಂದವರು ಯಾವ ಬೀದಿ ಹಿಡಿದು ನಡೆದರೂ ಕೊನೆಗೆ ಬಂದು ಮುಟ್ಟುವುದು ಊರ ನಡುವಿನ ಕಲ್ಲುಕಟ್ಟೆಗೇ. ನಾಲ್ಕು ಬೀದಿ ಕೂಡುವಲ್ಲಿ ಮೊಣಕಾಲೆತ್ತರದ ಜಗಲಿ, ಅದರ ಮೇಲೆ ಸಾಲಾಗಿ ಕೂರಿಸಿದ ಅರವತ್ತು ಚೌಕ ಕಲ್ಲುಗಳು. ಬೆಳಗ್ಗೆ ಅಲ್ಲಿ ಹಾಲಿನ ಕ್ಯಾನುಗಳು ಇಳಿಯುತ್ತವೆ. ಇಳಿಹೊತ್ತಿಗೆ ಮಿರ್ಚಿ ಭಜಿಯ ಬಂಡಿ ಬಂದು ನಿಲ್ಲುತ್ತದೆ. ತಿಂದವರು ಎಣ್ಣೆಗೈಯನ್ನು ಕಲ್ಲಿಗೇ ಒರೆಸಿ ಎದ್ದು ಹೋಗುತ್ತಾರೆ. ಈ ಕಟ್ಟೆಗೆ ಹೋದ ವರ್ಷದ ಕಟ್ಟೆ ಎಂದು ಹೆಸರು. ಹೊಸಬರು, ಇಷ್ಟು ಸವೆದ ಕಲ್ಲು ಹೋದ ವರ್ಷದ್ದು ಹೇಗಾದೀತು ಎಂದು ನಗುತ್ತಾರೆ. ನಗಲಿ, ನಮಗೇನೂ ಬೇಜಾರಿಲ್ಲ. ಕಟ್ಟೆ ಆಗಿ ಮುನ್ನೂರು ವರ್ಷವಾಯಿತು ಎನ್ನುತ್ತಾರೆ ಕೆಲವರು, ಇಲ್ಲ, ಇನ್ನೂ ಹೆಚ್ಚು ಎನ್ನುತ್ತಾರೆ ಇನ್ನು ಕೆಲವರು. ಈ ವಿಷಯಕ್ಕೆ ಕೈ ಕೈ ಮಿಲಾಯಿಸಿದವರೂ ಇದ್ದಾರೆ. ಹೆಸರು ಬಂದ ಬಗೆಯಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ.

ಹಿಂದೆ ಒಮ್ಮೆ ಇಲ್ಲಿ ಊರೆಂಬುದೇ ಇರಲಿಲ್ಲ. ಬರೀ ಎರೆಭೂಮಿ, ಜಾಲಿಗಿಡ. ನದಿಯ ಆಚೆ ದಂಡೆಯ ಊರೊಂದರಲ್ಲಿ ಇಕ್ಕಟ್ಟು ಓಣಿಗಳಲ್ಲಿ ಮಗ್ಗ ಹೂಡಿ ಬೇಸತ್ತಿದ್ದ ಅರವತ್ತು ನೇಕಾರ ಮನೆತನದವರು ಒಟ್ಟಾಗಿ ಈ ಸೀಮೆಯ ದೇಸಾಯಿಯಿಂದ ಈ ನೆಲವನ್ನು ಕೊಂಡರು ಎನ್ನುತ್ತಾರೆ. ಮನೆ ಕಟ್ಟುವುದಕ್ಕೆ ಮೊದಲು ಅವರು ಹಗ್ಗ ಹಿಡಿದು ಊರನ್ನು ನೆಲದ ಮೇಲೆ ಬರೆದರು. ನಾಲ್ಕು ಬೀದಿ, ಬೀದಿಗೆ ಹದಿನೈದು ಮನೆ, ಪ್ರತಿ ಮನೆಗೂ ಒಂದೇ ಅಳತೆಯ ಅಂಗಳ, ಒಂದೇ ಅಳತೆಯ ಹಿತ್ತಲು. ನೂಲಿನ ಹಾಸನ್ನು ಬೀದಿಯುದ್ದಕ್ಕೂ ಹರವಿ ಗಂಜಿ ಹಚ್ಚಬೇಕಲ್ಲ, ಅದಕ್ಕೇ ಬೀದಿಗಳು ಅಷ್ಟು ನೇರ, ಅಷ್ಟು ಅಗಲ. ನಡುವೆ ಈ ಕಟ್ಟೆ, ಅದರ ಪಕ್ಕ ಸಿಹಿನೀರಿನ ಬಾವಿ. ನಾಲ್ಕು ಬೀದಿಯ ಬಚ್ಚಲ ನೀರೂ ಗಂಜಿನೀರೂ ಒಂದೇ ಚರಂಡಿಗೆ ಬಿದ್ದು ಊರ ಮೂಡಣಕ್ಕಿದ್ದ ತಗ್ಗಿನ ಬಯಲಿಗೆ ಹೋಗುವಂತೆ ಮಾಡಿದರು. ಅರಸನ ಅಧಿಕಾರಿಯಾಗಲಿ ಗೌಡನಾಗಲಿ ಅಲ್ಲಿ ಇರಲಿಲ್ಲ. ಮನೆಯೊಡೆಯರೇ ಊರಿನ ಒಡೆಯರು. ವರ್ಷಕ್ಕೊಮ್ಮೆ, ಹೋಳಿ ಹುಣ್ಣಿಮೆಯಾದ ಮೂರನೆಯ ದಿನ, ಅವರ ಕೂಟ ಈ ಕಟ್ಟೆಯ ಮೇಲೆ ಸೇರುತ್ತಿತ್ತು. ಮನೆಗೊಂದು ಕಲ್ಲು. ಅರವತ್ತು ಮಂದಿಯೂ ತಮ್ಮ ತಮ್ಮ ಕಲ್ಲಿನ ಮೇಲೆ ಕೂತ ಮೇಲೇ ಕೂಟ ಶುರು. ಆಮೇಲೆ ಒಬ್ಬೊಬ್ಬನಿಗೂ ಒಂದೊಂದು ಮಾತು. ಒಂದು ಕಲ್ಲಿಗೆ ವರ್ಷಕ್ಕೆ ಒಂದೇ ವಿಷಯ. ಎರಡನೆಯದನ್ನು ಎತ್ತುವಂತಿಲ್ಲ, ಎತ್ತಿದರೂ ಯಾರೂ ಕಿವಿಗೆ ಹಾಕಿಕೊಳ್ಳುವಂತಿಲ್ಲ. ಬಾಯಿಬಡುಕರು ಊರನ್ನು ನುಂಗಬಾರದೆಂದು ಮಾಡಿದ ಕಟ್ಟುಪಾಡು ಅದು. ಮಾಡಿದಾಗ ಒಳ್ಳೆಯದೇ ಆಗಿತ್ತು.

ಊರು ಬೆಳೆಯಿತು. ಸಾಲುಮನೆ ಸೀರೆ ಎಂದರೆ ಐದಾರು ಹಗಲಿನ ದಾರಿಯ ಸಂತೆಗಳಲ್ಲೂ ಕಣ್ಣು ಮುಚ್ಚಿಕೊಂಡು ಕೊಳ್ಳುವ ಕಾಲ ಬಂತು. ಅರವತ್ತು ಮನೆಯವರ ಕೈ ಸಾಲದಾಯಿತು. ಬಣ್ಣ ಹಾಕುವವರು, ನೂಲು ಸುತ್ತುವ ಹೆಂಗಸರು, ಹತ್ತಿ ಹಿಂಜುವವರು ಬಂದರು. ಬಂದವರಿಗೆ ಒಡೆಯರು ಹಿತ್ತಲಿನಲ್ಲಿ ಒಂದೊಂದು ಗುಡಿಸಲು ಕೊಟ್ಟರು. ಹಿತ್ತಲು ತುಂಬಿದ ಮೇಲೆ ಅವರು ಮೂಡಣದ ತಗ್ಗಿನಲ್ಲಿ ಗುಡಿಸಲು ಹಾಕಿದರು. ಎಲ್ಲಿದ್ದರೂ ಅವರಿಗೆ ಹಿತ್ತಲಿನವರು ಎಂದೇ ಹೆಸರು. ಒಡೆಯರು ಅರವತ್ತು ಮನೆ, ಹಿತ್ತಲಿನವರು ಮುನ್ನೂರು ಒಲೆ. ಕಲ್ಲು ಮಾತ್ರ ಅರವತ್ತೇ. ನಡುಬಾವಿಯ ನೀರು ಅಷ್ಟು ಜನಕ್ಕೆ ಸಾಲಲಿಲ್ಲವಾಗಿ ಹಿತ್ತಲಿನವರು ತಗ್ಗಿನಲ್ಲಿ ತಾವೇ ಒಂದು ಬಾವಿ ತೋಡಿಕೊಂಡರು. ಅದಕ್ಕೆ ಹತ್ತು ಹೆಜ್ಜೆ ದೂರದಲ್ಲಿ ಚರಂಡಿ ಹರಿಯುತ್ತಿತ್ತು. ಹಗ್ಗ ಹಿಡಿದು ಊರು ಬರೆದ ದಿನ ಅಲ್ಲಿ ನರಪಿಳ್ಳೆಯೂ ಇರಲಿಲ್ಲ ನೋಡಿ, ಬರೆದವರದೂ ತಪ್ಪೆನ್ನಲಾಗದು. ಬೇಸಿಗೆಯಲ್ಲಿ ಬಾವಿಯ ನೀರು ಇಳಿದಾಗ ಚರಂಡಿಯ ನೀರು ಒಳಗೊಳಗೇ ಅದಕ್ಕೆ ಜಿನುಗುತ್ತಿತ್ತು. ಬೇಸಿಗೆ ಬೇಸಿಗೆಗೂ ತಗ್ಗಿನಲ್ಲಿ ವಾಂತಿಭೇದಿ ಕಾಣಿಸಿಕೊಳ್ಳುತ್ತಿತ್ತು.

ಪಡುವಣ ಬೀದಿಯ ಒಂಬತ್ತನೆಯ ಮನೆಯ ಒಡೆಯ ಅಂದಾನೆಪ್ಪ. ಕೆಟ್ಟವನಲ್ಲ, ಯಾರ ಒಳ್ಳೆಯದಕ್ಕೂ ಅಡ್ಡ ಬಂದವನಲ್ಲ, ಯಾರಿಗಾಗಿಯೂ ಮೈ ನೋಯಿಸಿಕೊಂಡವನೂ ಅಲ್ಲ. ಅವನ ನೂಲಿಗೆ ಬಣ್ಣ ಹಾಕುತ್ತಿದ್ದವಳು ಹೊಳೆವ್ವ. ಗಂಡ ತೀರಿಕೊಂಡಿದ್ದ, ಎರಡು ಹೆಣ್ಣುಮಕ್ಕಳು. ಆಕೆಯ ಕೈಯ ಕೆಂಪಿಗೆ ಊರಿನಲ್ಲೇ ಸಾಟಿ ಇರಲಿಲ್ಲ ಎನ್ನುತ್ತಾರೆ. ಒಂದು ಬೇಸಿಗೆ ಹಿರಿಯ ಮಗಳು ಕಾಶವ್ವ ಹೋಗಿಬಿಟ್ಟಳು. ಮಣ್ಣು ಮಾಡಿ ಹನ್ನೊಂದು ದಿನವಾದ ಮೇಲೆ ಹೊಳೆವ್ವ ಅಂದಾನೆಪ್ಪನ ಮನೆಯ ಹಿಂಬಾಗಿಲಿಗೆ ಬಂದು ನಿಂತಳು. ಅಳಲಿಲ್ಲ, ಕೂಗಾಡಲಿಲ್ಲ. ಗಟಾರವನ್ನು ಬಾವಿಯಿಂದ ದೂರ ತಿರುಗಿಸಬೇಕು, ನಮಗೆ ಕಟ್ಟೆಯ ಮೇಲೆ ಕಲ್ಲಿಲ್ಲ, ನಿಮ್ಮ ಕಲ್ಲಿನ ಮಾತನ್ನು ಈ ಸಲ ನಮಗೆ ಕೊಡಿ ಎಂದು ಕೇಳಿದಳು. ಸಂಗವ್ವ ಎಂಬ ಐದು ವರ್ಷದ ಕಿರಿಯವಳು ಆಕೆಯ ಸೆರಗು ಹಿಡಿದು ನಿಂತಿದ್ದಳು. ಅಂದಾನೆಪ್ಪ ಆ ಕೂಸಿನ ಕಡೆ ನೋಡಿದ. ಕೊಟ್ಟೆ ಹೋಗವ್ವಾ ಎಂದ. ಆ ಗಳಿಗೆಯಲ್ಲಿ ಮನಸಾರೆ ಹೇಳಿದ್ದ, ಅದರಲ್ಲಿ ಸುಳ್ಳಿಲ್ಲ.

ಆದರೆ ಹೋಳಿ ಹುಣ್ಣಿಮೆ ಬರುವುದಕ್ಕೆ ಇನ್ನೂ ಒಂಬತ್ತು ತಿಂಗಳಿತ್ತು, ಒಂಬತ್ತು ತಿಂಗಳಲ್ಲಿ ಮನುಷ್ಯನ ಮನಸ್ಸಿಗೆ ಏನೇನೋ ಹೊಗುತ್ತದೆ. ಅಂದಾನೆಪ್ಪನಿಗೆ ಮನೆಯ ಮೇಲೆ ಒಂದು ಅಟ್ಟಣೆ ಎತ್ತಿಸಿ, ಸಾಮಾನನ್ನು ಅಲ್ಲಿಗೇರಿಸಿ, ಕೆಳಗೆ ಇನ್ನೆರಡು ಮಗ್ಗ ಹೂಡಬೇಕೆಂಬ ಆಸೆ ಹುಟ್ಟಿತು. ಎಲ್ಲ ಮನೆಯೂ ಒಂದೇ ಎತ್ತರವಿರಬೇಕೆಂಬ ಕಟ್ಟು ಇದ್ದುದರಿಂದ ಅದಕ್ಕೆ ಕೂಟದ ಒಪ್ಪಿಗೆ ಬೇಕು. ಬೇಕೆಂದರೆ ತನ್ನ ಕಲ್ಲಿನ ಒಂದೇ ಮಾತನ್ನು ಅದಕ್ಕೇ ಬಳಸಬೇಕು. ಕೂಟದ ದಿನ ಕಲ್ಲಿನ ಮೇಲೆ ಕೂತು ತನ್ನ ಸರದಿ ಬರುವವರೆಗೂ ಅವನು ಲೆಕ್ಕ ಹಾಕುತ್ತಲೇ ಇದ್ದ. ಹಿತ್ತಲಿನವರು ಬರೀ ನನ್ನೊಬ್ಬನ ಹಿತ್ತಲಿನವರೇ? ಉಳಿದ ಐವತ್ತೊಂಬತ್ತು ಮಂದಿಯಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಎತ್ತದಿದ್ದರೆ ಬರುವ ವರ್ಷ ನಾನಿದ್ದೇ ಇದ್ದೇನೆ. ಹೀಗೆ ತನಗೆ ತಾನೇ ಹೇಳಿಕೊಂಡು, ಸರದಿ ಬಂದಾಗ ಅಟ್ಟಣೆಯ ಮಾತೆತ್ತಿದ. ತಕರಾರಿಲ್ಲದೆ ಒಪ್ಪಿಗೆಯಾಯಿತು. ಚರಂಡಿಯ ಮಾತನ್ನು ಅಂದು ಯಾರೂ ಎತ್ತಲಿಲ್ಲ. ಪ್ರತಿಯೊಬ್ಬನೂ ಇನ್ನೊಬ್ಬ ಎತ್ತುತ್ತಾನೆ ಎಂದುಕೊಂಡಿದ್ದನಂತೆ. ಆಮೇಲೆ ಕೇಳಿದಾಗ ಹಾಗೆಂದರು. ಹಿಂಬಾಗಿಲಲ್ಲಿ ಕಾದಿದ್ದ ಹೊಳೆವ್ವನಿಗೆ ಅವನು ಬರುವ ವರ್ಷ ಎಂದು ಹೇಳಿದ. ಆಕೆ ಆಗಲಿ ಎಂದು ತಲೆಯಾಡಿಸಿ ಹೋದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಆಗಲೇ ಅನ್ನಿಸಿತ್ತು.

ಆ ಬೇಸಿಗೆ, ಅಟ್ಟಣೆಗೆ ತೊಲೆ ಕೂರಿಸಿದ ವಾರದಲ್ಲೇ, ಸಂಗವ್ವ ತೀರಿಕೊಂಡಳು. ಬೆಳಗ್ಗೆ ಹೊಟ್ಟೆನೋವು ಎಂದಳು, ಸಂಜೆಯೊಳಗೆ ಇಲ್ಲ. ಸುದ್ದಿ ಬಂದಾಗ ಅಂದಾನೆಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದ. ಕೇಳಿದ. ಕೇಳಿದ ಮೇಲೂ ಕೈ ನಿಲ್ಲಲಿಲ್ಲ. ಹಿಡಿದ ಸೆರಗನ್ನು ಪೂರ್ತಿ ನೇಯ್ದು ಮುಗಿಸಿಯೇ ಎದ್ದ. ಅಳು ಬರುತ್ತದೆಂದು ಕಾದ, ಬರಲಿಲ್ಲ. ಎದೆಯೊಳಗೆ ಏನಾದರೂ ಆಗುತ್ತದೆಂದು ಕಾದ, ಅದೂ ಆಗಲಿಲ್ಲ. ಹೆಂಡತಿ ಬಡಿಸಿದ ರೊಟ್ಟಿ ತಿಂದ, ರುಚಿ ತಿಳಿಯಲಿಲ್ಲ, ಮತ್ತೊಂದು ಹಾಕಿದಳು, ಅದನ್ನೂ ತಿಂದ. ಹೊಳೆವ್ವ ಹನ್ನೆರಡನೆಯ ದಿನ ಎಂದಿನಂತೆ ಬಂದು ಬಣ್ಣದ ಹಂಡೆಗೆ ಬೆಂಕಿ ಹಾಕಿದಳು. ಆಕೆಯ ಕೆಂಪು ಮೊದಲಿನಷ್ಟೇ ಚೆನ್ನಾಗಿ ಬಂತು. ಅವನು ನೂಲು ಕೊಡುವಾಗ ಆಕೆ ಲಡಿಗಳನ್ನು ಎಣಿಸಿಕೊಂಡು ಒಯ್ಯುತ್ತಿದ್ದಳು, ಒಣಗಿದ ಮೇಲೆ ಎಣಿಸಿ ಕೊಡುತ್ತಿದ್ದಳು. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ವರ್ಷವಿಡೀ ಇಬ್ಬರೂ ಹೀಗೇ ಕಳೆದರು. ಅಟ್ಟಣೆ ಪೂರ್ತಿಯಾಯಿತು, ಅವನು ಒಮ್ಮೆಯೂ ಮೇಲೆ ಹತ್ತಲಿಲ್ಲ ಎನ್ನುತ್ತಾರೆ.

ಮತ್ತೆ ಹೋಳಿ ಹುಣ್ಣಿಮೆ ಬಂತು. ಮೂರನೆಯ ದಿನ ಒಡೆಯರೆಲ್ಲ ಮಡಿ ಧೋತ್ರ ಉಟ್ಟು ಬಂದು ಕಟ್ಟೆಯ ಮೇಲೆ ಕೂತರು. ಅಂದಾನೆಪ್ಪನೂ ಬಂದ. ಸರದಿ ಬಂದಾಗ ಗಟಾರದ ಮಾತು ಹೇಳಬೇಕೆಂದು ಬಾಯಲ್ಲೇ ಮಾಡಿಕೊಂಡು ಬಂದಿದ್ದ. ಆದರೆ ತನ್ನ ಕಲ್ಲಿನ ಮುಂದೆ ಬಂದು ನಿಂತಾಗ ಮಂಡಿ ಮಡಚಲಿಲ್ಲ. ನೋವಿರಲಿಲ್ಲ, ಹಟವೂ ಅಲ್ಲ, ಮಡಚಲಿಲ್ಲ, ಅಷ್ಟೆ. ಕೂಟದ ಹಿರಿಯ ಮುರಿಗೆಪ್ಪ ಶೆಟ್ಟರು ಕೂಡಪ್ಪಾ ಎಂದರು. ನಿಂತೇ ಇದ್ದ. ಗೆಳೆಯರು, ಅಟ್ಟಣೆಯ ಮನೆಯವನಿಗೆ ಈಗ ಎತ್ತರದ ಕಲ್ಲು ಬೇಕೇನೋ ಎಂದು ಚುಡಾಯಿಸಿದರು. ಬಿಸಿಲೇರಿತು. ಕೆಲವರು ಗದರಿಸಿದರು, ಒಬ್ಬ ವೈದ್ಯನನ್ನು ಕರೆತಂದು ಕಾಲು ಒತ್ತಿ ನೋಡಿಸಿದರು. ಅರವತ್ತು ಮಂದಿ ಕೂರದೆ ಕೂಟ ಶುರುವಾಗದು. ಕೂಟ ಶುರುವಾಗದೆ ಅವನ ಕಲ್ಲನ್ನು ಕಿತ್ತುಹಾಕುವ ಮಾತನ್ನೂ ಎತ್ತುವಂತಿಲ್ಲ. ತಾವೇ ಹಾಕಿದ ಗಂಟು ತಮ್ಮ ಕೊರಳಿಗೇ ಬಿತ್ತು. ಹೊಸ ಮನೆಯ ಒಪ್ಪಿಗೆ, ನಡುಬಾವಿಯ ಹೂಳು, ಸಂತೆಯ ಜಾಗ, ಎಲ್ಲವೂ ಅಲ್ಲಲ್ಲೇ ನಿಂತಿತು. ಎರಡನೆಯ ದಿನವೂ ಅವನು ಬೆಳಗ್ಗೆ ಬಂದು ನಿಂತ, ಹೊತ್ತು ಮುಳುಗಿದಾಗ ಮನೆಗೆ ಹೋದ. ಮೂರನೆಯ ದಿನ ಮುರಿಗೆಪ್ಪ ಶೆಟ್ಟರು ಕೋಲೂರಿಕೊಂಡು ಎದ್ದು ಅವನ ಹತ್ತಿರ ಬಂದು, ನಿನ್ನ ಮನಸ್ಸಿನಲ್ಲಿರುವುದನ್ನು ಹೇಳು ಎಂದು ಕೇಳಿದರು.

"ಗಟಾರದ ಮಾತು ಹೇಳೂದಿತ್ರಿ, ಹೇಳಲಿಲ್ಲ" ಎಂದ ಅಂದಾನೆಪ್ಪ. "ಕೂಸು ಹೋತು. ಈ ಕಲ್ಲಿನ ಮ್ಯಾಲೆ ನನಗ ಕೂಡಾಕ ಆಗವಲ್ದು."

ಕಟ್ಟೆಯ ಮೇಲಿದ್ದ ಪ್ರತಿಯೊಬ್ಬನೂ ಆ ಕೂಸನ್ನು ನೋಡಿದ್ದವನೇ. ಒಬ್ಬೊಬ್ಬನ ಹಿತ್ತಲಿನಲ್ಲೂ ಅಂಥ ಒಂದು ಗುಡಿಸಲಿತ್ತು. ಮುರಿಗೆಪ್ಪ ಶೆಟ್ಟರು ಉಳಿದವರ ಕಡೆ ತಿರುಗಿ, ಕೂಟ ಶುರುವಾಗದೆ ತೀರ್ಮಾನ ಮಾಡುವಂತಿಲ್ಲ, ಮಾಡುವುದು ಬೇಡ, ಆದರೆ ಒಬ್ಬ ಮನುಷ್ಯ ಗುದ್ದಲಿ ಹಿಡಿದು ತಗ್ಗಿನ ಕಡೆ ನಡೆದರೆ ಅದಕ್ಕೆ ಯಾವ ಕೂಟದ ಒಪ್ಪಿಗೆ ಬೇಕು ಎಂದರು. ಎಪ್ಪತ್ತು ದಾಟಿದ ಶೆಟ್ಟರೇ ಮೊದಲು ಹೊರಟರಂತೆ. ಉಳಿದವರು ಹಿಂದೆ ಹೊರಟರು. ಹುಟ್ಟಿದಂದಿನಿಂದ ಮಗ್ಗದ ಹಲಗೆ ಬಿಟ್ಟು ಬೇರೇನನ್ನೂ ಹಿಡಿಯದ ಕೈಗಳು, ಅಂಗೈಯೆಲ್ಲ ಬೊಬ್ಬೆಯೆದ್ದಿತು. ಹಿತ್ತಲಿನವರೂ ಬಂದು ಸೇರಿಕೊಂಡರು. ಆರು ದಿನದಲ್ಲಿ ಚರಂಡಿಯನ್ನು ಬಾವಿಗೆ ಮುನ್ನೂರು ಹೆಜ್ಜೆ ದೂರ ಸುತ್ತಿಸಿ ಹಳ್ಳಕ್ಕೆ ಬಿಟ್ಟರು. ಹಳೆಯ ಚರಂಡಿಗೆ ಮಣ್ಣು ತುಂಬಿದರು. ಅಷ್ಟು ಕೆಲಸಕ್ಕೆ ಆರು ದಿನ ಸಾಕಾಯಿತು.

ಏಳನೆಯ ದಿನ ಮತ್ತೆ ಕಟ್ಟೆಗೆ ಬಂದರು. ಅಂದಾನೆಪ್ಪ ಈ ಸಲ ಕೂತ. ಕೂಟ ಶುರುವಾಯಿತು. ಅವನ ಸರದಿ ಬಂದಾಗ, ನನ್ನ ಕಲ್ಲಿನ ಮಾತು ಹೊಳೆವ್ವನದು, ಆಕೆಯನ್ನೇ ಕರೆಸಿ ಎಂದ. ಹಿತ್ತಲಿನವರು ಕಟ್ಟೆ ಹತ್ತಿದ್ದು ಅದುವರೆಗೆ ಇರಲಿಲ್ಲ, ಆದರೂ ಬೇಡವೆನ್ನುವ ಬಾಯಿ ಯಾರಿಗೂ ಉಳಿದಿರಲಿಲ್ಲ. ಆಕೆ ಬಣ್ಣದ ಹಂಡೆಯ ಹತ್ತಿರದಿಂದ ಎದ್ದು ಹಾಗೇ ಬಂದಳು, ಮೊಣಕೈವರೆಗೂ ಕೆಂಪು. ಅಂದಾನೆಪ್ಪ ಎದ್ದು ತನ್ನ ಕಲ್ಲನ್ನು ತೋರಿಸಿದ. ಆಕೆ ಕೂರಲಿಲ್ಲ, ನಿಂತೇ ಇದ್ದಳು. ಆಕೆ ಬೈದರೆ ಬೈಯಲಿ, ಶಪಿಸಿದರೆ ಶಪಿಸಲಿ, ಏನಾದರೂ ಒಂದು ಹೇಳಿಬಿಟ್ಟರೆ ತನಗೆ ಬಿಡುಗಡೆಯಾದೀತು ಎಂದು ಅವನು ಆಕೆಯ ಮುಖವನ್ನೇ ನೋಡುತ್ತಿದ್ದ. ವರ್ಷವಿಡೀ ಅವನು ಕಾದಿದ್ದದ್ದು ಅದಕ್ಕೇ.

"ಏನು ಕೇಳೂದೈತಿ ಕೇಳವ್ವಾ, ಇದು ನಿನ್ನ ಸರದಿ" ಎಂದರು ಮುರಿಗೆಪ್ಪ ಶೆಟ್ಟರು.

ಹೊಳೆವ್ವ ಕೆಂಪು ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. "ಈಗೇನೂ ಇಲ್ರೀ ಯಪ್ಪಾ" ಎಂದಳು. "ಕೇಳೂದು ಹೋದ ವರ್ಷ ಇತ್ತು."

ಹೇಳಿ, ಕಟ್ಟೆ ಇಳಿದು, ಹಂಡೆಯ ಬೆಂಕಿ ಆರೀತೆಂದು ಬೇಗ ಬೇಗ ನಡೆದು ಹೋದಳು. ಅಂದಾನೆಪ್ಪ ಕಲ್ಲಿನ ಮೇಲೆ ಕೂತ. ಅವನ ಮುಂದಿನ ಮನೆಯವನ ಸರದಿ ಬಂತು. ಆ ವರ್ಷದಿಂದಲೇ ಹಿತ್ತಲಿನವರಿಗೂ ಕೂಟದಲ್ಲಿ ಮಾತು ಸಿಕ್ಕಿತು, ಒಂದು ಕಲ್ಲಿಗೆ ಒಂದೇ ಮಾತು ಎಂಬ ಕಟ್ಟೂ ಸಡಿಲವಾಯಿತು ಎನ್ನುತ್ತಾರೆ. ಕಟ್ಟೆಗೆ ಈ ಹೆಸರನ್ನು ಯಾರೂ ಇಟ್ಟದ್ದಲ್ಲ, ಜನರ ಬಾಯಿಗೆ ತಾನಾಗಿಯೇ ಬಂತು.

ಈಗ ಪೇಟೆಯ ನೋಟ ಬದಲಾಗಿದೆ. ಎಲ್ಲ ಮನೆಗೂ ಅಟ್ಟಣೆ ಬಂದಿದೆ, ಅಟ್ಟಣೆಯ ಮೇಲೆ ನೀರಿನ ಸಿಂಟೆಕ್ಸ್ ಕೂತಿದೆ. ಮಾಲೀಕರ ಸಂಘಕ್ಕೆ ಬೇರೆ ಕಟ್ಟಡವಿದೆ, ಅದರಲ್ಲಿ ಕುರ್ಚಿಗಳಿವೆ. ನೋಡಬಂದವರನ್ನು ನಮ್ಮವರು ಕಟ್ಟೆ ತೋರಿಸಿದ ಮೇಲೆ ಮೂಡಣಕ್ಕೂ ಕರೆದೊಯ್ಯುತ್ತಾರೆ. ನೂಲು ಹಿಡಿದು ಎಳೆದ ಹಾಗೆ ನೇರವಾಗಿರುವ ಈ ಊರಿನಲ್ಲಿ ಚರಂಡಿಯೊಂದೇ ಅಲ್ಲಿ ಇದ್ದಕ್ಕಿದ್ದಂತೆ ಸೊಟ್ಟಗೆ ತಿರುಗಿ, ದೊಡ್ಡದೊಂದು ಬಳಸು ಹಾಕಿಕೊಂಡು ಹೋಗುತ್ತದೆ. ಬಳಸಿನ ನಡುವೆ ಬಾವಿ ಇದೆ. ಬಗ್ಗಿ ನೋಡಿದರೆ ತಳ ಕಾಣುತ್ತದೆ, ನೀರು ಅಷ್ಟು ತಿಳಿ. ಹೊಳೆವ್ವ ಮುದುಕಿಯಾಗುವವರೆಗೂ ಆ ನೀರನ್ನೇ ಸೇದಿದಳು ಎನ್ನುತ್ತಾರೆ, ದಿನಕ್ಕೆ ಒಂದು ಕೊಡ. ಒಬ್ಬಳಿಗೆ ಅಷ್ಟು ಸಾಕಾಗುತ್ತಿತ್ತು.