ಎಣ್ಣೆ ನೀರು ಕಂಡ ಹಲಗೆಮನೆ

ಒಂದಾನೊಂದು ಕಾಲದಲ್ಲಿ, ನಿಮ್ಮ ತಾತನ ತಾತನಿಗೆ ಇನ್ನೂ ಹಾಲುಹಲ್ಲು ಬಂದಿರದ ಕಾಲದಲ್ಲಿ, ಹೊನ್ನೇಕೊಪ್ಪಲು ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಚಿಕ್ಕತಾಯಿ ಅಂತ ಒಬ್ಬಳು, ಅವಳ ಗಂಡ ಬೋರೇದೇವ ಅಂತ ಒಬ್ಬ, ಇಬ್ಬರೇ ಸೇರಿ ಊರಿನ ತರಕಾರಿ ತೋಟ ನೋಡಿಕೊಂಡಿದ್ದರಂತೆ. ಹೂಂ ಅಂತಿರಬೇಕು ಪುಟ್ಟಿ, ನಿನ್ನ ಹೂಂ ನಿಂತರೆ ನನ್ನ ಕತೇನೂ ನಿಲ್ಲುತ್ತೆ.

ಆ ತೋಟದ ಮೂಲೇಲಿ ಬೋರೇದೇವ ಹಲಸಿನ ಹಲಗೆ ಜೋಡಿಸಿ ಒಂದು ಪುಟ್ಟ ಕೋಣೆ ಕಟ್ಟಿದ್ದನಂತೆ. ಊರೋರು ಅದಕ್ಕೆ ಹಲಗೆಮನೆ ಅಂತಿದ್ರಂತೆ. ಒಳಗೆ ಗುದ್ದಲಿ, ಕುಡುಗೋಲು, ಒಂದಿಷ್ಟು ಹಳೇ ಬುಟ್ಟಿ. ಆಮೇಲೆ ಮೇಲೆ ತೊಲೆಗೆ ಮೂರು ಸೋರೆಬುರುಡೆ ನೇತುಹಾಕಿತ್ತಂತೆ. ಆ ಬುರುಡೆಗಳ ತುಂಬ ಬೂದಿ ಕಲಸಿದ ಜೇನುಸೌತೆ ಬೀಜ. ಆ ಸೌತೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ, ಆ ಊರಲ್ಲಿ ಮಾತ್ರ ಬೆಳೀತಿತ್ತಂತೆ, ಕಚ್ಚಿದರೆ ಬೆಲ್ಲ ತಿಂದ ಹಾಗೆ. ಪ್ರತಿವರ್ಷ ಮೃಗಶಿರ ಮಳೆ ಹನಿಯೋ ಹೊತ್ತಿಗೆ ಮನೆಮನೆ ಹೆಂಗಸರು ಸೆರಗೊಡ್ಡಿಕೊಂಡು ಬಂದು ಒಂದೊಂದು ಹಿಡಿ ಬೀಜ ಇಸ್ಕೊಂಡು ಹೋಗ್ತಿದ್ರಂತೆ. ಊರಗೌಡ ಮಾತ್ರ ಒಂದು ಕರಾರು ಹಾಕಿದ್ದ. ಬೀಜ ಕಾಯೋರಿಗೆ ತೋಟ, ಬೀಜ ಕೆಟ್ಟ ವರ್ಷ ತೋಟ ಬಿಟ್ಟು ನಡೀಬೇಕು ಅಂತ.

ಹೀಗಿರೋವಾಗ ಬೋರೇದೇವ ಉಪ್ಪಿನ ಗಾಡಿಗಳ ಜೊತೆ ದೂರದ ಊರಿಗೆ ಹೊರಟನಂತೆ. ಗಾಡಿ ಹತ್ತಿ ಕೂತಮೇಲೆ ನೆನಪಾಯ್ತು ಅವನಿಗೆ. ಲೇ ಚಿಕ್ಕತಾಯಿ, ಮಳೆ ಬರೋದಕ್ಕೆ ಮುಂಚೆ ಹಲಗೆಮನೆಗೆ ಹರಳೆಣ್ಣೆ ಕಾಣಿಸು, ಇಲ್ಲದಿದ್ರೆ ನೀರು ಕುಡಿಯುತ್ತೆ, ನನ್ನನ್ನ ನೋಡ್ಕೊಂಡ ಹಾಗೇ ಅದನ್ನೂ ನೋಡ್ಕೋ ಅಂದನಂತೆ. ಅಷ್ಟೇ. ಎತ್ತು ಮುಂದಕ್ಕೆ ಹೋಯ್ತು. ಈ ಗಂಡಸರೇ ಹೀಗೆ ಮಗಾ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು ಆಡಿ ಹೋಗಿಬಿಡ್ತಾರೆ, ಆಮೇಲೆ ಒದ್ದಾಡೋರು ನಾವು.

ಚಿಕ್ಕತಾಯಿ ಗಂಡನ್ನ ಹೇಗೆ ನೋಡ್ಕೋತಿದ್ದಳು ಹೇಳು. ಶನಿವಾರ ಬಂತೂಂದ್ರೆ ಮೈಗೆಲ್ಲ ಎಣ್ಣೆ ತಿಕ್ಕಿ, ಒಂದು ಗಳಿಗೆ ನೆನೆಸಿ, ಆಮೇಲೆ ಹಂಡೆ ತುಂಬ ಸುಡೋ ನೀರು, ಸೀಗೆಪುಡಿ. ಒಂದು ತೊಟ್ಟು ಜಿಡ್ಡು ಉಳಿಯೋ ಹಾಗಿಲ್ಲ. ಸರಿ, ಶನಿವಾರ ಬಂತು. ಅವಳು ಹಲಗೆಮನೆಗೆ ಮೂಲೆ ಮೂಲೆಗೂ ಹರಳೆಣ್ಣೆ ತಿಕ್ಕಿದಳಂತೆ, ಬಾಗಿಲ ಹಿಂದೆ, ಸೂರಿನ ಕೆಳಗೆ, ಎಲ್ಲೂ ಬಿಡಲಿಲ್ಲ. ಆಮೇಲೆ ಒಂದು ಗಳಿಗೆ ನೆನೆಯೋದಕ್ಕೆ ಬಿಟ್ಟು, ಹಂಡೆಗಟ್ಟಲೆ ಬಿಸಿನೀರು ಹುಯ್ದು, ಸೀಗೆಪುಡಿ ಹಾಕಿ ಗಸಗಸ ಉಜ್ಜಿ, ಹಲಗೆ ಬೆಳ್ಳಗೆ ಆಗೋ ತನಕ ತೊಳೆದಳಂತೆ. ತೊಳೆದು, ಹಳೇ ಸೀರೇಲಿ ಒರೆಸಿ, ದೃಷ್ಟಿ ಬೇರೆ ತೆಗೆದಳಂತೆ.

ಆಮೇಲೆ ಭರಣಿ ಮಳೆ ಬಂತು. ಹಲಗೆಮನೆ ಬಟ್ಟೆ ಹಾಗೆ ನೀರು ಕುಡೀತಂತೆ. ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ ಮೊದಲನೇ ಬುರುಡೆಗೆ ನೀರು ನುಗ್ಗಿ ಬೀಜ ಎಲ್ಲ ಉಬ್ಬಿ ಮೊಳಕೆ ಬಂದಿತ್ತಂತೆ. ಚಿಕ್ಕತಾಯಿಗೆ ತಲೆಬುಡ ತಿಳೀಲಿಲ್ಲ. ಎಣ್ಣೆ ಹಚ್ಚು ಅಂದ್ರು, ಹಚ್ಚಿದೆ. ಅವರ ಹಾಗೆ ನೋಡ್ಕೋ ಅಂದ್ರು, ಅವರಿಗಿಂತ ಹೆಚ್ಚಾಗೇ ನೋಡಿದೆ. ಇನ್ನೇನು ತಪ್ಪಾಯ್ತು ಅಂತ ಹೊಸ್ತಿಲ ಮೇಲೆ ಕೂತು ಅತ್ತಳಂತೆ.

ಅತ್ತು ಅತ್ತು, ಮೂಗು ಒರೆಸಿಕೊಂಡು, ಹೊಳೆ ಹತ್ತಿರ ಹೋದಳಂತೆ. ಅಲ್ಲಿ ದೋಣಿ ನಡೆಸೋ ಕಾಳಯ್ಯ ಅಂತ ಒಬ್ಬ ಇದ್ದ. ಕಾಳಣ್ಣ, ನಿನ್ನ ದೋಣೀನೂ ಮರದ್ದೇ, ಹಗಲೆಲ್ಲ ನೀರಲ್ಲೇ ಬಿದ್ದಿರುತ್ತೆ, ಒಳಗೆ ನೀರು ಬರದ ಹಾಗೆ ಏನು ಮಾಡ್ತೀಯಪ್ಪಾ ಅಂತ ಕೇಳಿದಳಂತೆ. ಅದಕ್ಕೇನವ್ವಾ, ಸಂದಿಗೆಲ್ಲ ನಾರು ತುರುಕಿ, ಮೇಲೆ ಜೇನುಮೇಣ ಕಾಯಿಸಿ ಮೆತ್ತಿಬಿಡು ಅಂದನಂತೆ ಕಾಳಯ್ಯ. ಒಳ್ಳೇ ಮಾತೇ. ಚಿಕ್ಕತಾಯಿ ತೆಂಗಿನ ನಾರು ತಂದು ಸಂದಿ ಸಂದಿಗೂ ತುರುಕಿ, ಮೇಲೆ ಮೇಣ ಮೆತ್ತಿ, ಅದರ ಮೇಲೆ ಇನ್ನೊಂದು ಸಲ ಎಣ್ಣೆ ಹಚ್ಚಿದಳಂತೆ. ಎಣ್ಣೆ ಹಚ್ಚಿದ ಮೇಲೆ?

ಹೂಂ, ನೀನೇ ಹೇಳಿಬಿಟ್ಟೆ. ನೀರು ಹಾಕಿದಳು. ಅದೂ ಹೋದ ಸಲದ್ದಕ್ಕಿಂತ ಸುಡೋ ನೀರು. ಹೋದ ಸಲ ನೀರು ಉಗುರುಬೆಚ್ಚಗಾಗಿಬಿಟ್ಟಿತೇನೋ, ಅದಕ್ಕೇ ಹಲಗೆಮನೆಗೆ ಕೋಪ ಬಂದಿರಬೇಕು ಅಂತ ಅವಳ ಲೆಕ್ಕ. ಮೇಣ ಎಲ್ಲ ಕರಗಿ ಸೀಗೆ ನೊರೆ ಜೊತೆ ಹರಿದು ಬದನೆ ಪಾತಿಗೆ ಹೋಯ್ತಂತೆ. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಅವಳ ಪಾಡು. ಕೃತ್ತಿಕೆ ಮಳೆ ಬಂತು, ಎರಡನೇ ಬುರುಡೇನೂ ಹೋಯ್ತು. ಅದರಲ್ಲಿ ಬೀಜ ಮೊಳಕೇನೂ ಬರಲಿಲ್ಲ, ಕೊಳೆತು ನಾತ ಹೊಡೀತಂತೆ.

ಈಗ ಉಳಿದಿದ್ದು ಒಂದೇ ಬುರುಡೆ. ಅದೊಂದು ಹೋದ್ರೆ ಜೇನುಸೌತೆ ವಂಶವೇ ಹೋಯ್ತು, ತೋಟಾನೂ ಹೋಯ್ತು. ಗಂಡ ಬಂದು ಎಲ್ಲಿ ತೋಟ ಅಂದ್ರೆ ಏನು ತೋರಿಸೋದು. ಮನೆಗೆ ತಂದಿಟ್ಟುಕೊಳ್ಳೋಣ ಅಂದ್ರೆ ಮನೇಲಿ ಇಲಿ ಕಾಟ, ಬುರುಡೆನೇ ಕೊರೆದು ತಿಂದುಬಿಡ್ತವೆ. ಹಗಲೆಲ್ಲ ಹಲಗೆಮನೆ ಸುತ್ತ ಸುತ್ತಿ ಸುತ್ತಿ, ನಿಂಗೇನು ಬೇಕು ಹೇಳಬಾರದಾ ಅಂತ ಹಲಗೇನ ಕೇಳ್ತಿದ್ದಳಂತೆ. ಹಲಗೆ ಮಾತಾಡುತ್ತಾ?

ಆಮೇಲೆ ಕುಂಬಾರಕೇರಿ ಗೌರಜ್ಜಿ ಹತ್ತಿರ ಹೋದಳಂತೆ. ಹಸಿ ಮಡಕೆ ಮಳೇಲಿ ಕಾಯೋಳು ಅವಳು. ಗೌರಜ್ಜಿ ಬಂದು, ಸೊಂಟದ ಮೇಲೆ ಕೈ ಇಟ್ಟು ನೋಡಿ, ಅಲ್ವೇ ಹುಡುಗಿ, ಹಲಗೆ ನೆಲ ಮುಟ್ಟಿಕೊಂಡಿದೆ, ಕೆಳಗಿಂದ ನೀರು ಏರದೆ ಇರುತ್ತಾ, ನಾಲ್ಕು ಮೂಲೆಗೆ ಕಲ್ಲು ಕೊಟ್ಟು ಎತ್ತು, ಸೂರಿನ ಹುಲ್ಲನ್ನ ಒಂದು ಮೊಳ ಮುಂದಕ್ಕೆ ಚಾಚು, ಹನಿ ದೂರ ಬೀಳಲಿ ಅಂದಳಂತೆ. ಚಿಕ್ಕತಾಯಿ ನೆರೆಹೊರೆಯೋರನ್ನ ಕರೆದು ಹಲಗೆಮನೇನ ಐಸಾ ಅಂತ ಎತ್ತಿಸಿ ಕಲ್ಲಿನ ಮೇಲೆ ಕೂರಿಸಿ, ಸೂರಿಗೆ ಹೊಸ ಹುಲ್ಲು ಕಟ್ಟಿ, ಸಂದಿಗೆ ಮತ್ತೆ ನಾರು ಮೇಣ ಮೆತ್ತಿ, ಶನಿವಾರ ನೋಡಿಕೊಂಡು ಎಣ್ಣೆ ಹಚ್ಚಿದಳಂತೆ. ಹಚ್ಚಿ, ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಹಂಡೆ ಇಟ್ಟು ಉರಿ ಹಾಕಿದಳಂತೆ.

ನೀರು ಇನ್ನೂ ಸುಯ್ ಅನ್ನೋದಕ್ಕೂ ಶುರುಮಾಡಿರಲಿಲ್ಲ, ರೋಹಿಣಿ ಮಳೆ ಬಂದೇಬಿಡ್ತು. ದಬದಬ ಸುರಿದು ಒಲೆ ಆರಿಹೋಯ್ತಂತೆ, ಸೌದೆ ತೊಯ್ದುಹೋಯ್ತಂತೆ. ಅವಳು ಊದಿದಳು, ಊದಿದಳು, ಹೊಗೆ ಬಂತೇ ಹೊರತು ಬೆಂಕಿ ಬರಲಿಲ್ಲ. ಅಯ್ಯೋ, ಎಣ್ಣೆ ಮೈಯಲ್ಲೇ ಮಳೇಲಿ ನಿಂತಿದೆಯಲ್ಲ, ಶೀತ ಆಗುತ್ತಲ್ಲ, ಗಂಡನಿಗೆ ಯಾವತ್ತಾದ್ರೂ ಹೀಗೆ ಮಾಡಿದ್ನಾ ನಾನು ಅಂತ ಅವಳ ಕರುಳು ಕಿತ್ತು ಬಂತಂತೆ. ಇನ್ನು ಎಲ್ಲ ಮುಗೀತು ಅಂದ್ಕೊಂಡು ಒಳಗೆ ಹೋಗಿ, ಕೊನೇ ಬುರುಡೇನ ಮಡಿಲಲ್ಲಿ ಇಟ್ಟುಕೊಂಡು, ಸೆರಗು ಮುಚ್ಚಿ ಕೂತಳಂತೆ.

ಕೂತೇ ಇದ್ದಳು. ಮಳೆ ಸುರೀತಾನೇ ಇತ್ತು. ತಲೆ ಮೇಲೆ ಹನಿ ಬೀಳುತ್ತೆ, ಈಗ ಬೀಳುತ್ತೆ ಅಂತ ಕಾದಳು. ಬೀಳಲೇ ಇಲ್ಲ. ಗೋಡೆ ಮುಟ್ಟಿದಳು, ಒಣಗಿದೆ. ನೆಲ ಮುಟ್ಟಿದಳು, ಒಣಗಿದೆ. ಬಾಗಿಲು ಸಂದಿಯಿಂದ ಕೈ ಚಾಚಿ ನೋಡಿದರೆ ನೀರು ಹಲಗೆ ಮೇಲೆ ಕೆಸವಿನೆಲೆ ಮೇಲೆ ಜಾರಿದ ಹಾಗೆ ಜಾರಿಹೋಗ್ತಿತ್ತಂತೆ. ಚಿಕ್ಕತಾಯಿಗೆ ಸಂತೋಷ ಆಗಬೇಕಲ್ಲ? ಇನ್ನೂ ಗಲಿಬಿಲಿ ಆಯ್ತಂತೆ. ಅಷ್ಟು ಸೇವೆ ಮಾಡಿದಾಗ ಸೋರಿತು, ಅರ್ಧಕ್ಕೆ ಕೈಬಿಟ್ಟಾಗ ಒಣಗಿ ನಿಂತಿದೆ. ಕಲ್ಲಿನ ಗುಣವೋ, ಹುಲ್ಲಿನ ಗುಣವೋ, ನಾನು ಒಳಗೆ ಕೂತಿದ್ದಕ್ಕೋ? ಯಾವುದಕ್ಕೂ ಇರಲಿ ಅಂತ ಮಳೆ ನಿಂತರೂ ಎದ್ದು ಬರಲಿಲ್ಲವಂತೆ, ಹಂಡೆ ಕಡೆ ಹೋಗಲೂ ಇಲ್ಲವಂತೆ ಅವಳು.

ಮೃಗಶಿರ ಬಂತು. ಹೆಂಗಸರೆಲ್ಲ ಸೆರಗೊಡ್ಡಿದರು, ಗೌಡನೂ ಬಂದ. ಒಂದೇ ಬುರುಡೆ ನೋಡಿ ಹುಬ್ಬು ಗಂಟಿಕ್ಕಿದನಂತೆ. ಒಂದು ಬೀಜ ತಗೊಂಡು ಮುಂದಿನ ಹಲ್ಲಲ್ಲಿ ಕಚ್ಚಿದರೆ ಕಟಕ್ ಅಂತಂತೆ. ಒಣಗಿದೆ, ಬದುಕಿದೆ, ತೋಟ ನಿಮ್ಮದೇ ಅಂದನಂತೆ. ಹಿಡಿ ಬದಲು ಎಲ್ಲರಿಗೂ ಚಿಟಿಕೆ ಚಿಟಿಕೆ ಬಂತು, ಆದರೂ ಯಾರೂ ಬರಿಗೈಲಿ ಹೋಗಲಿಲ್ಲ.

ಆಮೇಲೆ ಬೋರೇದೇವ ಬಂದನಂತೆ, ಮೈಯೆಲ್ಲ ಉಪ್ಪಿನ ಧೂಳು. ಹೆಂಡತಿ ನಡೆದಿದ್ದೆಲ್ಲ ಹೇಳಿದಳು. ಅವನು ಹೊಟ್ಟೆ ಹಿಡ್ಕೊಂಡು ನಕ್ಕನಂತೆ. ಅಲ್ಲ ಕಣೇ, ಮರಕ್ಕೆ ಹಚ್ಚಿದ ಎಣ್ಣೇನ ಯಾರಾದ್ರೂ ತೊಳೀತಾರಾ? ಅದು ಹಲಗೆ ಒಳಗೆ ಇಳಿದು ಕೂತರೆ ತಾನೇ ಮಳೆ ಹೊರಗೆ ಉಳಿಯೋದು, ಹಚ್ಚಿ ಬಿಟ್ಟುಬಿಡಬೇಕು ಅಂದನಂತೆ. ಹಾಗಂತ ಹೇಳಿದ್ರಾ ನೀವು ಅಂತ ಕೇಳಿದಳು ಚಿಕ್ಕತಾಯಿ. ಹೇಳಿರಲಿಲ್ಲ ಅವನು.

ಹೋಗಲಿ ಬಿಡು, ಮೈಕೈ ನೋವು, ನಂಗೂ ಒಂದಿಷ್ಟು ಎಣ್ಣೆ ಹಚ್ಚು ಅಂದನಂತೆ. ಅವಳು ನೆತ್ತಿಯಿಂದ ಅಂಗಾಲಿನ ತನಕ ಎಣ್ಣೆ ತಿಕ್ಕಿ, ಕೈ ತೊಳ್ಕೊಂಡು, ಸೌತೆ ಪಾತಿ ಮಾಡೋದಕ್ಕೆ ಹೋದಳಂತೆ. ಬೋರೇದೇವ ಜಗಲಿ ಮೇಲೆ ಕೌಪೀನ ಕಟ್ಟಿಕೊಂಡು ಕೂತ. ಒಂದು ಗಳಿಗೆ ಆಯ್ತು, ಎರಡು ಗಳಿಗೆ ಆಯ್ತು. ಹಂಡೆ ಸದ್ದಿಲ್ಲ. ಕೋಳಿಗಳು ಬಂದು ಅವನನ್ನೇ ನೋಡ್ತಾ ನಿಂತವಂತೆ. ಕೊನೆಗೆ, ಲೇ ತಾಯಿ, ನೀರೆಲ್ಲಿ ಅಂತ ಕೂಗಿದನಂತೆ.

ಅವಳು ಪಾತಿಯಿಂದ ತಲೆ ಎತ್ತಿ ನೋಡಿದಳು. ಅವತ್ತು ನಿಮ್ಮ ಹಾಗೆ ಅದನ್ನ ನೋಡ್ಕೊಂಡು ಎರಡು ಬುರುಡೆ ಕಳ್ಕೊಂಡೆ. ಇವತ್ತು ಅದರ ಹಾಗೆ ನಿಮ್ಮನ್ನ ನೋಡ್ಕೊಳ್ತಿದೀನಿ, ಹಚ್ಚಿ ಬಿಟ್ಟಿದೀನಿ, ಮಳೆ ಬಂದ್ರೂ ಹೆದರಬೇಡಿ ಅಂದಳಂತೆ.

ತಮಾಷೆಗೆ ಅಂದಳೋ, ನಿಜಕ್ಕೂ ಅವಳಿಗೆ ಗಲಿಬಿಲಿ ಬಿಟ್ಟಿರಲಿಲ್ಲವೋ, ಬೋರೇದೇವನಿಗೆ ಸಾಯೋ ತನಕ ತಿಳೀಲಿಲ್ಲವಂತೆ. ಅವತ್ತು ಒಲೆ ಅವನೇ ಹೂಡಿದ, ನೀರು ಅವನೇ ಕಾಯಿಸಿದ. ಅವತ್ತಿಂದ ಎಲ್ಲಿಗೆ ಹೊರಟರೂ ಗಾಡಿ ಹತ್ತೋ ಮುಂಚೆ ಹೆಂಡತಿ ಎದುರು ಕೂತು ಪೂರ್ತಿ ಮಾತು ಹೇಳಿ, ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೇ ಹೋಗ್ತಿದ್ದನಂತೆ. ಮುಂದಿನ ವರ್ಷ ಮೂರು ಬುರುಡೆನೂ ತುಂಬಿದವು, ಊರೆಲ್ಲ ಸೌತೆ ತಿಂದು ತಣ್ಣಗಿತ್ತಂತೆ.

ಏನು? ನಾಳೆ ಶನಿವಾರ, ನಿಂಗೂ ಹಚ್ಚಿ ಬಿಟ್ಟುಬಿಡಲಾ? ಆಹಾ, ಸೀಗೆಪುಡಿ ಕಣ್ಣಿಗೆ ಉರಿಯುತ್ತೆ ಅಂತ ಈ ಉಪಾಯ. ನೀನೇನು ಹಲಗೆಮನೆಯಾ? ಸೌತೆ ಅವರ ತೋಟದಲ್ಲಿ, ನಿದ್ದೆ ನಿನ್ನ ಕಣ್ಣಲ್ಲಿ, ನನ್ನ ಕತೆ ಇಲ್ಲಿಗೆ ಮುಗೀತು. ಕಣ್ಣು ಮುಚ್ಚು, ಬೆಳಿಗ್ಗೆ ಹಂಡೆಗೆ ಉರಿ ಹಾಕಬೇಕು ನಾನು.