ಗುಂಬದೊಳಗಿನ ಗೇರು

“ಗುರುಗಳೇ, ತಮ್ಮನ ಮೇಲಿನ ಸಿಟ್ಟು ಬಿಡಬೇಕೆಂದು ಮೂರು ವರ್ಷದಿಂದ ಒದ್ದಾಡುತ್ತಿದ್ದೇನೆ. ಜಪ ಮಾಡಿದೆ, ಉಪವಾಸ ಮಾಡಿದೆ, ಅವನ ಮನೆಗೆ ಹಣ್ಣನ್ನೂ ಕಳಿಸಿದೆ. ಸಿಟ್ಟು ಹಾಗೆಯೇ ಇದೆ. ಇನ್ನೂ ಎಷ್ಟು ಕಷ್ಟಪಡಬೇಕು?” ಎಂದು ಶಿಷ್ಯ ಚನ್ನವೀರ ಕೇಳಿದ.

“ನಿನ್ನ ಮುಖ ನೋಡಿದರೆ ಸಿಟ್ಟಿಗಿಂತ ಮೊದಲು ಉಪವಾಸವೇ ನಿನ್ನನ್ನು ಮುಗಿಸುವ ಹಾಗಿದೆ. ಕೂತುಕೋ,” ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಜೇನು ಸಾಕುವವನಿದ್ದ. ಅವನ ಬದುಕೆಲ್ಲ ನಾಲ್ಕು ಜೇನುಪೆಟ್ಟಿಗೆ. ತಪ್ಪಲಿನಲ್ಲಿ ಹೂವು ಮುಗಿದಾಗ ಅವನ್ನು ಬೆಟ್ಟದ ಮೇಲಿನ ಹುಚ್ಚೆಳ್ಳು ಹೊಲಕ್ಕೆ ಒಯ್ಯಬೇಕು. ಹುಳುಗಳೆಲ್ಲ ಗೂಡು ಸೇರಿದ ಮೇಲೆ ಪೆಟ್ಟಿಗೆಯ ಬಾಯಿ ಮುಚ್ಚಬೇಕು, ಬಿಸಿಲು ಏರುವ ಮೊದಲು ಹೊಲ ತಲುಪಿ ತೆರೆಯಬೇಕು. ದಾರಿಯಲ್ಲಿ ತೆರೆದರೆ ಹಾರಿಹೋಗಿ ದಿಕ್ಕು ತಪ್ಪುತ್ತವೆ. ತಡವಾದರೆ ಒಳಗೇ ಬೆಂದು ಸಾಯುತ್ತವೆ.

ಸೈಕಲ್ಲಿನ ಹಿಂದೆ ಗಾಡಿ ಕಟ್ಟಿಕೊಂಡು ಆ ಬೆಟ್ಟ ಹತ್ತಬೇಕೆಂದು ಅವನು ಒಬ್ಬ ರಿಪೇರಿಯವನ ಹತ್ತಿರ ಹೋದ. ರಿಪೇರಿಯವನು ತಲೆಯುಳ್ಳವನು. ಹಿಂದಿನ ಚಕ್ರದ ನಟ್ಟನಡುವಿನ ಗುಂಬದೊಳಗೆ ಮೂರು ಗೇರು ಇಟ್ಟ. ಅದೇ ಗುಂಬದ ಪಕ್ಕಕ್ಕೆ ಚಿಕ್ಕದರಿಂದ ದೊಡ್ಡದರವರೆಗೆ ಎಂಟು ಹಲ್ಲುಚಕ್ರಗಳನ್ನೂ ಕೂಡಿಸಿದ. ಚೈನು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಿತ್ತು. ಒಳಗಿನದಕ್ಕೆ ಎಡಗೈಯಲ್ಲಿ ಲಿವರು, ಹೊರಗಿನದಕ್ಕೆ ಬಲಗೈಯಲ್ಲಿ.

“ನೋಡಣ್ಣ, ಹೊರಗಿಂದನ್ನ ತುಳೀತಾ ತುಳೀತಾನೇ ಬದಲಾಯಿಸ್ಬೇಕು. ಒಳಗಿಂದಕ್ಕೆ ಮಾತ್ರ ಒಂದು ಗಳಿಗೆ ಕಾಲಿನ ಬಿಗಿ ಬಿಡ್ಬೇಕು,” ಎಂದ ರಿಪೇರಿಯವನು.

“ಏರಲ್ಲಿ ಕಾಲು ಬಿಟ್ರೆ ಹಿಂದಕ್ಕೆ ಉರುಳ್ಹೋಗಲ್ವೇನಪ್ಪಾ? ಚೆನ್ನಾಗ್ ಹೇಳ್ದೆ ಬಿಡು!” ಎಂದು ಜೇನು ಸಾಕುವವನು ನಕ್ಕ. ನಕ್ಕವನು ಆ ಮಾತನ್ನು ಅಂಗಡಿಯಲ್ಲೇ ಬಿಟ್ಟು ಬಂದ.

ಹುಚ್ಚೆಳ್ಳು ಹೂಬಿಟ್ಟಿತು. ನಸುಕಿನಲ್ಲಿ ಹೊರಟ. ಹೊರಗಿನ ಎಂಟು ಚಕ್ರಗಳು ಅವನನ್ನು ಕೊನೆಯ ಏರಿನವರೆಗೂ ನಿಯತ್ತಾಗಿ ಕರೆತಂದವು. ಅವಿಲ್ಲದಿದ್ದರೆ ಏರಿನ ಬುಡವನ್ನೂ ಕಾಣುತ್ತಿರಲಿಲ್ಲ. ಆದರೆ ಏರು ಕಡಿದಾಗಿತ್ತು. ಚೈನು ಎಲ್ಲಕ್ಕಿಂತ ದೊಡ್ಡ ಚಕ್ರಕ್ಕೆ ಬಂದು ನಿಂತಿತು. ಅಲ್ಲಿಂದಾಚೆ ಹೊರಗೆ ಏನೂ ಉಳಿದಿರಲಿಲ್ಲ.

ಎಡಗೈಯ ಲಿವರು ಒತ್ತಿದ. ಅದು ಒತ್ತಿದಲ್ಲೇ ನಿಂತಿತು. ಏನೂ ಆಗಲಿಲ್ಲ. ಆಗಲಿಲ್ಲವೆಂದು ಇನ್ನೂ ಜೋರಾಗಿ ತುಳಿದ. ತುಳಿದಷ್ಟೂ ಗೇರು ಬಿಗಿದುಕೊಂಡು ಕೂತಿತು. ರಿಪೇರಿಯವನಿಗೆ ಬಾಯಿತುಂಬ ಬೈದ. ಇಳಿದು ತಳ್ಳೋಣವೆಂದರೆ ಆ ಭಾರ ಒಬ್ಬನ ಕೈಲಿ ಆಗುವಂಥದ್ದಲ್ಲ.

ಬಿಸಿಲು ಬೆನ್ನು ಸುಡತೊಡಗಿತು. ಹಿಂದೆ ಪೆಟ್ಟಿಗೆಗಳ ಮೊರೆತ ಹೆಚ್ಚಾಯಿತು. ಬಿಸಿಯಾದ ಮೇಣದ ವಾಸನೆ ಬಂತು. ಅವನಿಗೆ ಅಳು ಬಂತು. ಇಷ್ಟು ತುಳಿದರೂ ಹುಳುಗಳು ಬೇಯುತ್ತಿವೆಯಲ್ಲ ಎಂದು ಇನ್ನೂ ಬಿರುಸಾಗಿ ತುಳಿದ.

ಕಾಲು ಸೋತಿತು. ಬ್ರೇಕು ಹಿಡಿದು ಒಂದು ಪಾದ ನೆಲಕ್ಕೂರಿದ. “ಮುಗೀತು, ನನ್ ಕೈಲಾಗಲ್ಲ,” ಎಂದ.

ಆಗ ಗುಂಬದೊಳಗೆ ಟಕ್ ಎಂದಿತು.

ಮತ್ತೆ ಪೆಡಲಿನ ಮೇಲೆ ಕಾಲಿಟ್ಟ. ಹಗುರವಾಗಿತ್ತು. ಆಮೆಯ ಹಾಗೆ ಏರಿದ, ಆದರೆ ಏರಿದ. ಹೊಲದ ಬದುವಿನ ಮೇಲೆ ಪೆಟ್ಟಿಗೆ ಇಳಿಸಿ ಬಾಯಿ ತೆರೆದ. ಮೊದಲು ಒಂದು ಹುಳು ಬಂತು, ಆಮೇಲೆ ಹತ್ತು, ಆಮೇಲೆ ಎಣಿಸಲಾಗದಷ್ಟು. ನಾಲ್ಕು ಪೆಟ್ಟಿಗೆಯೂ ಉಳಿದಿದ್ದವು. ಅವನು ಕಾಲು ಚಾಚಿ ಕೂತು ಅಬ್ಬಾ ಎಂದು ಉಸಿರು ಬಿಟ್ಟ. ಒಂದು ಹುಳು ಕಿವಿಗೆ ಕುಟುಕಿತು. ಆ ಸಂತೋಷದಲ್ಲಿ ಅದಕ್ಕೂ ನಕ್ಕ.

ಗುರುಗಳು ಇಷ್ಟಕ್ಕೆ ಕತೆ ಮುಗಿಸಿದರು.

ಚನ್ನವೀರ ಕೇಳಿದ: “ಹಾಗಾದರೆ ಅವನು ಅಷ್ಟು ಮೊದಲೇ ಲಿವರು ಒತ್ತಿದ್ದು ದಂಡವಾಯಿತೇ, ಗುರುಗಳೇ?”

“ದಂಡವೇಕೆ, ಕೈ ತನ್ನ ಕೆಲಸ ಆಗಲೇ ಮುಗಿಸಿತ್ತು, ಕಾಲು ಬಿಡಬೇಕಿತ್ತು ಅಷ್ಟೆ, ಸಿಟ್ಟು ಬಿಡಬೇಕೆಂದು ಹೊರಟಾಗಲೇ ನೀನು ನಿನ್ನ ತಮ್ಮನನ್ನು ಕ್ಷಮಿಸಿದ್ದೆ, ಅದಕ್ಕೂ ಮೂರು ವರ್ಷವಾಯಿತು, ಇನ್ನು ಒದ್ದಾಡುವುದು ಬಿಡು,” ಎಂದರು ಗುರುಗಳು.